ಅಡುಗೆಮನೆ ಡೈರಿ – 14: ಉಪ್ಪಿಲ್ಲದ ಭಾನುವಾರ

ಮೊದಲನೇ ಫೋಟೋದಲ್ಲಿರೋ ಭರಣಿ ಖಾಲಿ. ಅಮ್ಮ ಮದುವೆಯಾಗಿ ಹುಂಚಕ್ಕೆ ಬಂದಿದ್ದು 1987ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಈ ಭರಣಿ ಮಳೆಗಾಲದಲ್ಲಿ ಖಾಲಿ ಕೂತಿದ್ದು ಇದೇ ಮೊದಲು.

ಕಾರಣ ಅಪ್ಪಯ್ಯನ ಬಿಪಿ. ಅಡಿಕೆ ಕೊಯ್ಲಿನ ಕೊನೇಲಿ ತೋಟದಲ್ಲೇ ತಲೆ ತಿರುಗಿ ಕೂತ್ಕೊಂಡ್ರು. ಶಿವಮೊಗ್ಗಕ್ಕೆ ಕರ್ಕೊಂಡು ಹೋದಾಗ ಮೇಲಿಂದು 190 ಇತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಕ್ಕೆ ಐದು ಗ್ರಾಂ ಒಳಗೇ ಉಪ್ಪು ಅಂದ್ರು. ಐದು ಗ್ರಾಂ ಅಂದ್ರೆ ಒಂದು ಟೀ ಚಮಚದಷ್ಟೂ ಅಲ್ಲ. ಮೂರು ಹೊತ್ತಿನ ಊಟ, ತಿಂಡಿ ಎಲ್ಲ ಅದರಲ್ಲೇ ಮುಗೀಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಪೂರ್ತಿ ಬಂದ್. ವಾಪಸ್ ಬರುವಾಗ ರಿಪ್ಪನ್‌ಪೇಟೆ ದಾಟೋವರೆಗೂ ಅಪ್ಪಯ್ಯ ಬಾಯಿ ಬಿಡಲಿಲ್ಲ. ಆಮೇಲೆ, "ಹಂಗಾದ್ರೆ ಇನ್ನು ಊಟ ಅಂದ್ರೆ ಎಂತದು?" ಅಂದ್ರು.

ಇದು ಸುಮ್ನೆ ಹೇಳಿದ ಮಾತಲ್ಲ ಅಂತ ಮಲೆನಾಡಿನವರಿಗೆ ಗೊತ್ತಾಗುತ್ತೆ. ನಮ್ಮೂರಲ್ಲಿ ಜೂನಿಂದ ನಾಲ್ಕು ತಿಂಗಳು ಮಳೆ. ಕುಮುದ್ವತಿ ಹೊಳೆ ಹುಟ್ಟೋದೇ ಇಲ್ಲಿ ಬಿಲ್ಲೇಶ್ವರದ ಹತ್ರ, ಇನ್ನು ನೀರಿಗೆ ಎಂತ ಬರ! ಹಿಂದೆಲ್ಲ ಆ ನಾಲ್ಕು ತಿಂಗಳು ಪೇಟೆಗೆ ಹೋಗೋದು ಕಷ್ಟ, ತರಕಾರಿ ಸಿಗೋದು ಇನ್ನೂ ಕಷ್ಟ. ಹಾಗಾಗಿ ಬೇಸಿಗೆಯಲ್ಲೇ ಎಲ್ಲ ಮಾಡಿಟ್ಕೋಬೇಕು. ಮಾವಿನ ಮಿಡಿ, ಹಲಸಿನ ಹಪ್ಪಳ, ಬಾಳಕದ ಮೆಣಸು, ಉಪ್ಪಲ್ಲಿ ಹಾಕಿದ ಹಲಸಿನ ತೊಳೆ, ಎಲ್ಲದಕ್ಕೂ ಉಪ್ಪೇ ಕಾವಲು. ಅಪ್ಪೆಮಿಡಿಯನ್ನೇ ತಗೊಳ್ಳಿ. ಒಳಗೆ ಗೊರಟು ಗಟ್ಟಿಯಾಗೋ ಮೊದಲು, ತೊಟ್ಟು ಸಮೇತ, ನೆಲಕ್ಕೆ ಬೀಳದ ಹಾಗೆ ಕೊಯ್ಬೇಕು. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಉಪ್ಪು ಮಿಡಿಯೊಳಗಿನ ನೀರೆಲ್ಲ ಎಳೆದು, ಎರಡು ವಾರದಲ್ಲಿ ಮಿಡಿ ಮುರುಟುತ್ತೆ. ಆ ಉಪ್ಪುನೀರಲ್ಲೇ ಸಾಸಿವೆ, ಮೆಣಸು ರುಬ್ಬಿ ಕಲಸೋದು. ಬೇರೆ ನೀರು ಒಂದು ಹನಿ ತಾಗಿದ್ರೂ ಕೆಡುತ್ತೆ. ಇದರಲ್ಲಿ ಉಪ್ಪು ಕಮ್ಮಿ ಮಾಡಿ ಅಂದ್ರೆ ಉಪ್ಪಿನಕಾಯಿನೇ ಮಾಡಬೇಡಿ ಅಂದ ಹಾಗೆ.

ಅಮ್ಮ ಮಾಡಲಿಲ್ಲ. ಈ ವರ್ಷ ಬಂದ ಮಿಡಿ ಅಷ್ಟನ್ನೂ ಅತ್ತೆಯರಿಗೆ ಹಂಚಿದ್ಲು.

ಎರಡನೇ ಫೋಟೋ ಅವಳ ನೋಟ್‌ಬುಕ್. ಈ ಸರಣಿ ಮೊದಲಿಂದ ಓದ್ತಿರೋರಿಗೆ ಇದು ಗೊತ್ತು. ಅಜ್ಜಿ ಅಳತೆ ಹೇಳ್ತಿರಲಿಲ್ಲ, "ನೋಡಿ ಕಲಿ" ಅಷ್ಟೇ. ಅಮ್ಮ ನೋಡಿ ನೋಡಿ ರಾತ್ರಿ ಬರೆದಿಟ್ಟಿದ್ದು. ಒಂದು ಕಡೆ "ಅತ್ತೆ ಹಾಕಿದ್ದು ಎರಡು ಹಿಡಿ ಉಪ್ಪು, ನನ್ನ ಕೈಲಾದ್ರೆ ಮೂರು ಹಿಡಿ" ಅಂತಿದೆ. ಅಜ್ಜಿ ಕೈ ಅಷ್ಟು ದೊಡ್ಡದು. ಈ ಸಲ ಅಮ್ಮ ಕೆಂಪು ಪೆನ್ ಹಿಡಿದು ಪುಟ ಪುಟ ತಿರುವಿದ್ಲು. ಉಪ್ಪಿಲ್ಲದೆ ನಡೆಯೋದಕ್ಕೆ ರೈಟು, ನಡೆಯದಿದ್ದಕ್ಕೆ ಗೀಟು. ಮೊದಲ ಇಪ್ಪತ್ತು ಪುಟದಲ್ಲಿ ರೈಟ್ ಬಿದ್ದಿದ್ದು ಪಾಯಸಗಳಿಗೆ ಮಾತ್ರ.

ಆಗ ನೆನಪಾಗಿದ್ದು ಪಕ್ಕದ್ಮನೆ ದೊಡ್ಡಮ್ಮ.

ಹುಂಚ ಅಂದ್ರೆ ಹೊರಗಿನವರಿಗೆ ಪದ್ಮಾವತಿ ಅಮ್ಮನವರ ಕ್ಷೇತ್ರ, 1077ರ ಪಂಚಬಸದಿ. ನಮಗೆ ಹುಂಚ ಅಂದ್ರೆ ಬೇಲಿ ಆಚೆಗಿನ ಜೈನರ ಮನೆಯೂ ಹೌದು. ಅವರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲ. ಕತ್ತಲಾಗೋ ಮೊದಲೇ ಊಟ. ಚಾತುರ್ಮಾಸದಲ್ಲಿ ಸೊಪ್ಪೂ ಇಲ್ಲ. ಇದರ ಮೇಲೆ ದೊಡ್ಡಮ್ಮನಿಗೆ ರಸತ್ಯಾಗದ ನೇಮ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಈ ಆರರಲ್ಲಿ ಒಂದೊಂದನ್ನ ಒಂದೊಂದು ದಿನ ಬಿಡೋದು. ಅವರು ಭಾನುವಾರ ಉಪ್ಪು ಬಿಡ್ತಾರೆ. ಇಷ್ಟು ವರ್ಷ ಅಮ್ಮ ಅದನ್ನ ಬೇಲಿ ಈಚೆಯಿಂದ ನೋಡಿ "ಪಾಪ" ಅಂದ್ಕೊಂಡಿದ್ಲು.

ಈಗ ಚಾಪೆ ಹಾಕಿ ಕೂತು, "ಅಕ್ಕ, ಭಾನುವಾರ ಎಂತ ಮಾಡ್ತೀರಿ? ಹೇಳಿ, ಬರ್ಕೊತೀನಿ" ಅಂದ್ಲು.

ದೊಡ್ಡಮ್ಮ ನಕ್ಕರು. "ಬರ್ಕೊಳ್ಳೋದು ಎಂತದೂ ಇಲ್ಲ ಮಾರಾಯ್ತಿ. ನೀವೆಲ್ಲ ಉಪ್ಪು ಇದೆ ಅಂತ ಅರ್ಧ ಹುರಿದು ಬಿಡ್ತೀರಿ. ಮೊದ್ಲು ಜೀರಿಗೆ ಸರಿ ಹುರಿ."

ಆದ್ರೂ ಅಮ್ಮ ಬರ್ಕೊಂಡ್ಲು. ಕಾಳುಮೆಣಸು ಆಗಿಂದಾಗ ಕುಟ್ಟಬೇಕು, ಡಬ್ಬದ ಪುಡಿ ಆಗಲ್ಲ. ಕಾಯಿ ಅವತ್ತೇ ಒಡೆದಿದ್ದಾಗಬೇಕು. ಮಜ್ಜಿಗೆ ಒಂದು ದಿನ ಹುಳಿ ಬಂದಿರಬೇಕು, ಸಿಹಿ ಮಜ್ಜಿಗೆ ಉಪ್ಪು ಕೇಳುತ್ತೆ. ಮೂರನೇ ಫೋಟೋದಲ್ಲಿರೋದು ದೊಡ್ಡಮ್ಮನ ನೆಲ್ಲಿಚಟ್ಟಿನ ತಂಬುಳಿ: ಉಪ್ಪು ಹಾಕದೆ ಒಣಗಿಸಿದ ನೆಲ್ಲಿಕಾಯಿ ಏಳೆಂಟು ಚೂರು ನೀರಲ್ಲಿ ನೆನೆಸಿ, ಒಂದು ಚಮಚ ಜೀರಿಗೆ, ಆರು ಕಾಳುಮೆಣಸು ತುಪ್ಪದಲ್ಲಿ ಹುರಿದು, ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ ಬೆರೆಸೋದು. ಮೇಲೊಂದು ಒಗ್ಗರಣೆ. ಹುಳಿ, ಒಗರು, ಖಾರ ಮೂರೂ ಇರೋದ್ರಿಂದ ನಾಲಿಗೆ ಸ್ವಲ್ಪ ಹೊತ್ತು ಉಪ್ಪನ್ನ ಮರೀತದೆ. ಸ್ವಲ್ಪ ಹೊತ್ತು ಮಾತ್ರ, ಸುಳ್ಳು ಹೇಳಲ್ಲ.

ನನ್ನ ಇಷ್ಟದ ಅಡುಗೆ ಪುಸ್ತಕ ಯಾವುದು ಅಂತ ಹೋದ ತಿಂಗಳು ತುಂಬಾ ಜನ ಕೇಳಿದ್ರಿ. ಇಲ್ಲೇ ಹೇಳ್ತೀನಿ. ಒಂದು ಈ ನೋಟ್‌ಬುಕ್. ಇನ್ನೊಂದು ಮೂರನೆಯ ಮಂಗರಸನ 'ಸೂಪಶಾಸ್ತ್ರ', ಸುಮಾರು 1508ರ ಕಾಲದ್ದು. ಮಂಗರಸ ಜೈನ, ಕಲ್ಲಹಳ್ಳಿಯ ಅರಸು ಮನೆತನದವನು. ಇಡೀ ಪಾಕಶಾಸ್ತ್ರವನ್ನ ವಾರ್ಧಕ ಷಟ್ಪದಿಯಲ್ಲಿ ಬರೆದಿದ್ದಾನೆ! ರೊಟ್ಟಿ, ಪಾನಕ, ಅನ್ನದ ಬಗೆಗಳು, ಬದನೆ, ಬಾಳೆ, ಹಲಸು, ನಮ್ಮ ಕಳಲೆ ಕೂಡ ಇದೆ. ಅದಕ್ಕೂ ಐನೂರು ವರ್ಷ ಹಿಂದೆ, 1025ರ ಚಾವುಂಡರಾಯನ 'ಲೋಕೋಪಕಾರ'ದಲ್ಲೂ ಅಡುಗೆಗೆ ಒಂದು ಅಧ್ಯಾಯ ಇದೆ. ನನಗೆ ಮಂಗರಸನ ವಿಷಯದಲ್ಲಿ ಕುತೂಹಲ ಅಂದ್ರೆ, ಇಷ್ಟು ನೇಮ ಇರೋ ಧರ್ಮದವನು ರುಚಿ ಬಗ್ಗೆ ಇಷ್ಟು ಬರೆದಿದ್ದು. ದೊಡ್ಡಮ್ಮನಿಗೆ ಕೇಳಿದ್ರೆ ಅದರಲ್ಲಿ ಆಶ್ಚರ್ಯ ಎಂತದೂ ಇಲ್ಲ. "ಬಿಡೋರಿಗೇ ರುಚಿ ಗೊತ್ತಿರೋದು" ಅಂತಾರೆ. ಇದನ್ನ ನಾನು ಪೂರ್ತಿ ಒಪ್ಪಲ್ಲ. ಅವರು ಬಿಡೋದು ಮನಸ್ಸಿಂದ, ಅಪ್ಪಯ್ಯ ಬಿಟ್ಟಿದ್ದು ಹೆದರಿಕೆಯಿಂದ. ಎರಡೂ ಒಂದೇ ಅಲ್ಲ.

ಮೊದಲ ಮೂರು ವಾರ ಮನೆ ಮನೆ ಹಾಗಿರಲಿಲ್ಲ. ಅಪ್ಪಯ್ಯ ತಟ್ಟೆ ಮುಂದೆ ಕೂತು ಅನ್ನ ಕಲಸ್ತಾ ಇರೋರು, ತಿನ್ನೋದು ಕಮ್ಮಿ. ನಾಲ್ಕು ಕೆಜಿ ಇಳಿದ್ರು. ಅಮ್ಮ ಒಳಗೆ ಹೋಗಿ ಅಳೋಳು, ಹೊರಗೆ ಬಂದು ಜೋರು ಮಾಡೋಳು. ನೆಂಟರು ಬಂದ್ರೆ "ಎಂತ, ಮಿಡಿ ಹಾಕಿಲ್ವಾ?" ಅಂತ ಕೇಳ್ತಾರೆ ಅನ್ನೋದು ಅಪ್ಪಯ್ಯಂಗೆ ಬೇರೆ ಚಿಂತೆ.

ಆಮೇಲೆ ಅಮ್ಮ ಒಂದು ಉಪಾಯ ಮಾಡಿದ್ಲು. ಅಡುಗೆಗೆ ಉಪ್ಪೇ ಹಾಕೋದಿಲ್ಲ. ಅವತ್ತಿನ ಪಾಲನ್ನ ಅಳೆದು, ಅಜ್ಜಿಯ ಬೆಳ್ಳಿ ಕುಂಕುಮದ ಬಟ್ಟಲಲ್ಲಿಟ್ಟು ಬೆಳಿಗ್ಗೆನೇ ಅಪ್ಪಯ್ಯನ ಕೈಗೆ ಕೊಡೋದು. "ನಿಮ್ದು, ಎಲ್ಲಿ ಬೇಕೋ ಅಲ್ಲಿ ಖರ್ಚು ಮಾಡಿ." ಬೇಯಿಸುವಾಗ ಒಳಗೆ ಸೇರಿದ ಉಪ್ಪಿಗಿಂತ ಮೇಲೆ ಉದುರಿಸಿದ ಉಪ್ಪು ನಾಲಿಗೆಗೆ ಬೇಗ ಸಿಗುತ್ತೆ, ಹಾಗಾಗಿ ಕಮ್ಮಿ ಸಾಕಾಗುತ್ತೆ. ಅದಕ್ಕಿಂತ ಮುಖ್ಯ, ಮನುಷ್ಯ ಮತ್ತೆ ಯಜಮಾನ ಆದ. ಈಗ ಅಡಿಕೆ ದುಡ್ಡಿನ ಹಾಗೇ ಲೆಕ್ಕ ಹಾಕ್ತಾರೆ, ರಾತ್ರಿ ಗಂಜಿಗೆ ಅಂತ ಉಳಿಸ್ಕೊಳ್ತಾರೆ.

ಬಿಪಿ ಈಗ 140ರ ಆಸುಪಾಸು. ಮಾತ್ರೆ ಇದೆ. ಹೋದ ಭಾನುವಾರ ದೊಡ್ಡಮ್ಮ ಬೇಲಿ ಮೇಲಿಂದ ತಂಬುಳಿ ಪಾತ್ರೆ ದಾಟಿಸಿದಾಗ ಅಪ್ಪಯ್ಯ ಎರಡು ಲೋಟ ಕುಡಿದು, "ಸಪ್ಪೆ" ಅಂದ್ರು, ಮೂರನೇ ಲೋಟ ಬಗ್ಗಿಸ್ಕೊಂಡ್ರು.

ಅಟ್ಟದ ಮೇಲೆ ಹಳೇ ಮಿಡಿ ಒಂದು ಬಾಟ್ಲಿ ಇದೆ, ನೆಂಟರಿಗೆ ಅಂತ. ಅಮ್ಮ ಅದನ್ನ ಮುಚ್ಚಿಟ್ಟಿರೋದು ಅಪ್ಪಯ್ಯಂಗೆ ಗೊತ್ತಿದೆ. ಅವರಿಗೆ ಗೊತ್ತಿರೋದು ಅಮ್ಮನಿಗೂ ಗೊತ್ತಿದೆ.

ನಿಮ್ಮನೇಲಿ ಉಪ್ಪು ಕಮ್ಮಿ ಹಾಕಿ ಮಾಡೋ ಸಾರು, ಗೊಜ್ಜು, ಚಟ್ನಿ ಏನಿದ್ರೂ ಬರೀರಿ. ರಾತ್ರಿ ಅಮ್ಮನಿಗೆ ಓದಿ ಹೇಳ್ತೀನಿ, ನೋಟ್‌ಬುಕ್ಕಲ್ಲಿ ಇನ್ನೂ ಹನ್ನೊಂದು ಪುಟ ಖಾಲಿ ಇದೆ.

#ಅಡುಗೆಮನೆಡೈರಿ #ಹುಂಚ #ಮಲೆನಾಡಅಡುಗೆ #ತಂಬುಳಿ