ಯಡ್ರಾಮಿಯ ದ್ರಾಕ್ಷಾರಿಷ್ಟ

ಮದ್ಯದ ಮಾತನ್ನು ಗೃಹಸ್ಥರ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ನಾನು ಹೇಳಹೊರಟಿರುವ ದ್ರಾಕ್ಷಾರಸವು ದೇವರ ಕೋಣೆಗೆ ಹತ್ತು ಹೆಜ್ಜೆ ದೂರದಲ್ಲಿ, ಹಿರಿಯರ ಕಣ್ಣೆದುರಿನಲ್ಲಿಯೇ ಪಕ್ವವಾಗುತ್ತಿದ್ದಿತು.

ಕಲಬುರಗಿಯಿಂದ ಹೊರಟು ಕಟ್ಟಿಸಂಗಾವಿಯ ಬಳಿ ಭೀಮಾನದಿಯನ್ನು ದಾಟಿ, ಜೇವರಗಿಗೆ ಬಂದು, ಅಲ್ಲಿಂದ ನೈಋತ್ಯಕ್ಕೆ ತಿರುಗಿದರೆ ಯಡ್ರಾಮಿ ಸಿಗುವುದು. ಬಹುಕಾಲ ಜೇವರಗಿ ತಾಲೂಕಿನ ಹೋಬಳಿಯಾಗಿದ್ದ ಈ ಊರು 2018ರಿಂದ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಎತ್ತ ನೋಡಿದರೂ ಎರೆಯ ಭೂಮಿ. ತೊಗರಿ, ಬಿಳಿಜೋಳ, ಈಚೆಗೆ ಹತ್ತಿ. ಬೇಸಗೆಯಲ್ಲಿ ಆ ನೆಲವು ಕೈ ಇಳಿಯುವಷ್ಟು ಬಿರಿಯುವುದು. ಮಳೆಗಾಲದಲ್ಲಿ ನಡೆಯುವವನ ಕೆರವನ್ನೇ ಕಿತ್ತಿಟ್ಟುಕೊಳ್ಳುವುದು. ಅಲ್ಲಿ ದ್ರಾಕ್ಷಿಯ ಬಳ್ಳಿಯನ್ನು ನಾನು ಬಾಲ್ಯದಲ್ಲಿ ಕಂಡವನಲ್ಲ. ದ್ರಾಕ್ಷಿಯೆಂದರೆ ನಮಗೆ ಒಣಗಿದ ಮನೂಕವೇ. ಅದೂ ವಿಜಾಪುರದ ಪೇಟೆಯಿಂದ, ಸಿಂದಗಿಯ ಮಾರ್ಗವಾಗಿ, ಬಸ್ಸಿನಲ್ಲಿ ಬರುತ್ತಿದ್ದಿತು.

ಅದನ್ನು ತರಿಸುತ್ತಿದ್ದವರು ನನ್ನ ಮುತ್ಯಾ, ಎಂದರೆ ನನ್ನ ತಂದೆಯವರ ತಂದೆ. ಅವರು ಊರಿನ ವೈದ್ಯರು. ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ಅವರ ದ್ರಾಕ್ಷಾರಿಷ್ಟದ ಕಾರ್ಯ ಆರಂಭವಾಗುತ್ತಿದ್ದಿತು. ಕ್ರಮವು ಶಾರ್ಙ್ಗಧರ ಸಂಹಿತೆಯದು. ಅರ್ಧ ತುಲಾ ದ್ರಾಕ್ಷಿಯನ್ನು ಎರಡು ದ್ರೋಣ ನೀರಿನಲ್ಲಿ ಕುದಿಸಿ ನಾಲ್ಕನೆಯ ಒಂದು ಪಾಲಿಗೆ ಇಳಿಸಬೇಕು. ಅದಕ್ಕೆ ದ್ರಾಕ್ಷಿಯ ನಾಲ್ಕರಷ್ಟು ಬೆಲ್ಲ. ಮೇಲೆ ದಾಲ್ಚಿನ್ನಿ, ಏಲಕ್ಕಿ, ನಾಗಕೇಸರ, ಮೆಣಸು, ಹಿಪ್ಪಲಿ ಮುಂತಾದವುಗಳ ಚೂರ್ಣ. ಹೀಗೆ ಕುದಿಸಿ ಮಾಡಿದುದು ಅರಿಷ್ಟ, ಕುದಿಸದೆ ಮಾಡಿದುದು ಆಸವ ಎಂಬ ಭೇದವನ್ನು ಅವರು ಪ್ರತಿ ವರ್ಷವೂ ನನಗೆ ಹೇಳುತ್ತಿದ್ದರು. ಅವರ ಅಳತೆಯಾದರೋ ಗ್ರಂಥದ್ದಲ್ಲ, ಮನೆಯ ಸೇರು ಪಾವುಗಳದು. ಪ್ರಮಾಣವನ್ನು ಮಾತ್ರ ಕೆಡಿಸುತ್ತಿರಲಿಲ್ಲ. ಹುಳಿಯೇರಲೆಂದು ಧಾತಕೀ ಹೂವನ್ನು ಹಾಕಿ, ಚೀನಿ ಭರಣಿಯ ಬಾಯಿಗೆ ಬಟ್ಟೆ ಬಿಗಿದು, ಅದನ್ನು ಕತ್ತಿನವರೆಗೆ ಜೋಳದ ರಾಶಿಯಲ್ಲಿ ಹುಗಿಯುತ್ತಿದ್ದರು. ಕಾಳಿನ ನಡುವೆ ಹಗಲಿರುಳೂ ಒಂದೇ ಸಮನಾದ ಶಾಖವಿರುವುದು.

ಅದರ ಮುಂದಿನ ಒಂದು ತಿಂಗಳು ನನಗೆ ಹಬ್ಬ. ಭರಣಿಗೆ ಕಿವಿಯಿಟ್ಟರೆ ಒಳಗೆ ದೂರದ ಮಳೆಯಂತೆ ಸಣ್ಣ ಸದ್ದು ಕೇಳುವುದು. ಮುತ್ಯಾ ಆಗಾಗ ಬಟ್ಟೆ ಸರಿಸಿ, ಕಡ್ಡಿ ಗೀರಿ, ಉರಿಯನ್ನು ಭರಣಿಯ ಬಾಯೊಳಗೆ ಹಿಡಿಯುತ್ತಿದ್ದರು. ಇಂಗಾಲಾಮ್ಲ ವಾಯು ಹೊರಡುತ್ತಿರುವವರೆಗೆ ಕಡ್ಡಿ ಆರಿಹೋಗುವುದು; ಎಂದು ಅದು ಆರದೆ ಉರಿಯಿತೋ ಅಂದು ಅರಿಷ್ಟ ಸಿದ್ಧವಾಯಿತೆಂದು ತಿಳಿಯಬೇಕು. ಮುಂದೆ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಇದೇ ಪರೀಕ್ಷೆಯನ್ನು ಗಾಜಿನ ನಳಿಗೆಯಲ್ಲಿ ಮಾಡಿ ತೋರಿಸಿದಾಗ ತರಗತಿಯಲ್ಲೆಲ್ಲ ನಾನೊಬ್ಬನೇ ಆಶ್ಚರ್ಯಪಡದಿದ್ದವನು!

ಹನ್ನೆರಡನೆಯ ವಯಸ್ಸಿನಲ್ಲಿ, 1977ರ ಸುಮಾರಿಗೆ, ನನಗೆ ಬಿಡದ ಕೆಮ್ಮು ಹಿಡಿಯಿತು. ರಾತ್ರಿ ಊಟವಾದ ಮೇಲೆ ಒಂದು ಒಳಲೆ ಅರಿಷ್ಟ, ಅಷ್ಟೇ ನೀರು. ಮೊದಲು ಬೆಲ್ಲದ ಸಿಹಿ, ಹಿಂದೆಯೇ ಹಿಪ್ಪಲಿಯ ಖಾರ, ಕಡೆಗೆ ಎದೆಯಲ್ಲಿ ಹರಡುವ ಬೆಚ್ಚನೆಯ ಸುಖ. ಕೆಮ್ಮು ಹದಿನೈದು ದಿನಕ್ಕೆ ಹೋಯಿತು. ಅದು ಇನ್ನಷ್ಟು ದಿನ ಇರಬಾರದಿತ್ತೇ ಎನ್ನಿಸಿದ್ದು ನಿಜ. ಮುಂದೆ ರಘುವಂಶದ ನಾಲ್ಕನೆಯ ಸರ್ಗವನ್ನು ಓದುವಾಗ, ರಘುವಿನ ಸೈನಿಕರು ಪಾರಸೀಕರ ದ್ರಾಕ್ಷಿಯ ತೋಟಗಳಲ್ಲಿ ಕುಳಿತು ಮಧುಪಾನದಿಂದ ಯುದ್ಧದ ದಣಿವು ಕಳೆದರೆಂಬ ಪ್ರಸಂಗ ಬಂದಿತು. ಸಹಪಾಠಿಗಳು ಪರ್ಷಿಯಾ ದೇಶವನ್ನು ಊಹಿಸುತ್ತಿದ್ದರು; ನನ್ನ ಮೂಗಿಗೆ ಬಂದುದು ನಮ್ಮ ಪಡಸಾಲೆಯ ಜೋಳದ ರಾಶಿಯ ವಾಸನೆ.

ಅರಿಷ್ಟದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ನೂರಕ್ಕೆ ಐದರಿಂದ ಹತ್ತರವರೆಗೆ ಇರುವುದು; ಈಗಿನ ಬಾಟಲಿಗಳ ಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ದ್ರಾಕ್ಷಿ ಬೆಳೆಗಾರರಿಗೆಂದು ಸರ್ಕಾರ ವೈನ್ ನೀತಿಯನ್ನು ಹೊರಡಿಸಿದ್ದೂ ಅದೇ ವರ್ಷ. ನಾನು ಹೇಳುತ್ತಿರುವ ಕಾಲದಲ್ಲಿ ಊರಿನಲ್ಲಿ ಸಾರಾಯಿಯ ಅಂಗಡಿ ಇದ್ದಿತು.

ಸ್ವಂತದ ಎರಡೆಕರೆಯ ಜೊತೆಗೆ ನಮ್ಮ ಹೊಲವನ್ನೂ ಪಾಲಿಗೆ ಮಾಡುತ್ತಿದ್ದ ಒಬ್ಬ ರೈತ ಆ ಅಂಗಡಿಯ ನಿತ್ಯದ ಗಿರಾಕಿ. ಮುತ್ಯಾ ಬುದ್ಧಿ ಹೇಳಿದಾಗ ಅವನು ಭರಣಿಯ ಕಡೆ ಕೈ ತೋರಿಸಿ, “ಮುತ್ಯಾ, ಅದ್ರಾಗೂ ನಶಾ ಅದ, ಸೆರಿ ಅಂಗಡ್ಯಾಗೂ ನಶಾ ಅದ. ನಂದಷ್ಟೇ ಯಾಕ್ರಿ ತಪ್ಪು?” ಎಂದ.

“ಎರಡ್ರಾಗೂ ಅದಪಾ. ನಾ ಒಳಲಿ ಎಣಿಸಿ ಕೊಡ್ತೀನಿ. ಅವರು ನಿನ್ನ ಹೊಲದ ಸಾಲು ಎಣಿಸಿ ಕೊಡ್ತಾರ.”

ಅವನು ನಕ್ಕು ಹೋದ. ಆ ವರ್ಷವೇ ಅವನ ಹೆಂಡತಿ ಹೆತ್ತಳು, ಬಹಳ ಬಡಕಲಾಗಿದ್ದಳು. ಮುತ್ಯಾ ಅವಳಿಗೆ ಒಂದು ಬಾಟಲಿ ದಶಮೂಲಾರಿಷ್ಟ ಕೊಟ್ಟರು. ಮೂರನೆಯ ದಿನವೇ ಅವಳು ಬರಿಯ ಬಾಟಲಿ ತಂದು ಬಾಗಿಲಲ್ಲಿ ನಿಂತಳು. ಯಾರು ಕುಡಿದರೆಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ. “ಯವ್ವಾ, ಬಾಟ್ಲಿ ಮನಿಗಿ ಒಯ್ಯಬ್ಯಾಡ. ದಿನಾ ದೀಪಾ ಹಚ್ಚೂ ಹೊತ್ತಿಗಿ ಇಲ್ಲೇ ಬಂದು ಕುಡದು ಹೋಗು” ಎಂದರು. ಅಂದಿನಿಂದ ಎರಡು ತಿಂಗಳು ಅವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ, ತನ್ನ ಒಳಲೆಯಷ್ಟನ್ನು ಕುಡಿದು ಹೋಗುತ್ತಿದ್ದಳು. ಕೂಸನ್ನು ಹಿಡಿದಿರುವ ಕೆಲಸ ನನ್ನದು.

ಮರುವರ್ಷದ ಸುಗ್ಗಿಯಲ್ಲಿ ಅವಳು ಒಂದು ಮರದ ತುಂಬ ಜೋಳ ತಂದಳು. ಎರಡೆಕರೆಯಲ್ಲಿ ಒಂದು ಸಾಲಕ್ಕೆ ಹೋಗಿದ್ದಿತು. ಇದು ಉಳಿದ ಎಕರೆಯದು. ಔಷಧಕ್ಕೆ ಎಂದೂ ಏನನ್ನೂ ತೆಗೆದುಕೊಳ್ಳದ ಮುತ್ಯಾ ಅಂದು ಬೇಡವೆನ್ನಲಿಲ್ಲ. ಆ ವರ್ಷದ ಭರಣಿಯನ್ನು ಹುಗಿಯಲಿದ್ದ ರಾಶಿಯ ಮೇಲೆ ಅವಳ ಕೈಯಿಂದಲೇ ಸುರಿಸಿದರು.