ಅಂಕಗಳನ್ನು ತೂಗುವ ಬಗೆ

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೂ ಒಂದೆಂಬುದನ್ನು ತತ್ತ್ವಾರ್ಥಸೂತ್ರವನ್ನು ಸ್ವಾಧ್ಯಾಯ ಮಾಡಿದವರೆಲ್ಲ ಬಲ್ಲರು. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಸಲ್ಲದೆಂಬುದೇ ಇದರ ತಾತ್ಪರ್ಯ. ವ್ಯಾಪಾರಿಗಳಾದ ನಾವು ಇದನ್ನು ತಕ್ಕಡಿಗೂ ಕೊಳಗಕ್ಕೂ ಮಾತ್ರ ಅನ್ವಯಿಸಿಕೊಂಡು ಬಂದಿದ್ದೇವೆ. ಮಕ್ಕಳ ವಿದ್ಯೆಯನ್ನು ತೂಗುವ ಶೇಕಡಾವಾರು, ಶ್ರೇಣಿಗಳೂ ಒಂದು ಬಗೆಯ ಮಾನಗಳೇ ಅಲ್ಲವೇ?

ಕೆಲವು ವರ್ಷಗಳಿಂದ ನಮ್ಮ ಭಾಗದ ಒಂದು ವಿದ್ಯಾರ್ಥಿವೇತನ ಸಮಿತಿಯ ಅರ್ಜಿಗಳ ಲೆಕ್ಕ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಶೆಟ್ಟಿಕೊಪ್ಪದಿಂದಲೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಂದಲೂ ಅರ್ಜಿಗಳು ಬರುತ್ತವೆ. ನಿಧಿ ಪರಿಮಿತವಾದುದು. ಕೊನೆಯ ಒಂದೆರಡು ಸ್ಥಾನಗಳಿಗೆ ದಶಮಾಂಶದ ವ್ಯತ್ಯಾಸವೇ ನಿರ್ಣಾಯಕವಾಗುತ್ತದೆ. ಆ ದಶಮಾಂಶದ ಮೇಲೆ ಒಂದು ಬಡ ಮನೆಯ ಮಗುವಿನ ಮುಂದಿನ ಓದು ನಿಂತಿರುತ್ತದೆ.

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೇ ನೋಡೋಣ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕಗಳು. ಒಬ್ಬಳಿಗೆ ಪ್ರಥಮ ಭಾಷೆಯಲ್ಲಿ 120, ಉಳಿದವುಗಳಲ್ಲಿ 400. ಇನ್ನೊಬ್ಬನಿಗೆ 90 ಮತ್ತು 430 ಬಂದಿದೆಯೆಂದು ಭಾವಿಸಿರಿ. ಇಬ್ಬರದೂ 520, ಅಂದರೆ ಶೇ. 83.2. ಆದರೆ ಒಬ್ಬ ಗುಮಾಸ್ತರು ಆರು ವಿಷಯಗಳ ಶೇಕಡಾವನ್ನು ಪ್ರತ್ಯೇಕವಾಗಿ ಮಾಡಿ ಸರಾಸರಿ ತೆಗೆದರೆ ಅವಳಿಗೆ 82.67, ಅವನಿಗೆ 83.67 ಬರುತ್ತದೆ. ಶೇ. 83ರ ಗಡಿಯಿದ್ದಲ್ಲಿ ಅವಳು ಹೊರಗುಳಿಯುವಳು. ಗಳಿಸಿದ ಅಂಕ ಒಂದೇ ಆದರೂ ತೂಗಿದ ಬಗೆ ಬೇರೆಯಾಯಿತು.

ಅಕ್ಷರಶ್ರೇಣಿಯ ತೊಡಕು ಇನ್ನೊಂದು ರೀತಿಯದು. ಇದೇ ಪರೀಕ್ಷೆಯಲ್ಲಿ 563ರಿಂದ 625ರವರೆಗೆ ‘ಎ ಪ್ಲಸ್’, 500ರಿಂದ 562ರವರೆಗೆ ‘ಎ’ ಎಂಬ ವಿಭಾಗಕ್ರಮ ರೂಢಿಗೆ ಬಂದಿತು. 562 ಮತ್ತು 563ರ ನಡುವೆ ಇರುವುದು ಒಂದೇ ಅಂಕ. ಆದರೂ ಶ್ರೇಣಿ ಬೇರೆ. 500 ಮತ್ತು 562ರ ನಡುವೆ 62 ಅಂಕಗಳಿದ್ದರೂ ಶ್ರೇಣಿ ಒಂದೇ. ನಮ್ಮ ಅಡಿಕೆ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವರ್ಗಗಳಿವೆ. ಹಾಗೆಂದು ರಾಶಿಯ ಮೂಟೆಗಳಿಗೆಲ್ಲ ಒಂದೇ ಧಾರಣೆ ಕಟ್ಟುವವರಿಲ್ಲ. ಮೂಟೆಗೆ ಕೈ ಹಾಕಿ ನೋಡಿಯೇ ಬೆಲೆ ಹೇಳುತ್ತಾರೆ. ಅಡಿಕೆಗೆ ತೋರುವ ಈ ಎಚ್ಚರವನ್ನು ಮಕ್ಕಳ ವಿಷಯದಲ್ಲಿಯೂ ತೋರಬೇಡವೇ?

ಶ್ರೇಣಿಯಿಂದ ಮರಳಿ ಶೇಕಡಾವಾರು ಮಾಡುವುದು ಮತ್ತಷ್ಟು ಸೂಕ್ಷ್ಮ. ಸಿ.ಬಿ.ಎಸ್.ಇ. ಮಂಡಳಿಯು 2010ರಿಂದ 2017ರವರೆಗೆ ಹತ್ತನೆಯ ತರಗತಿಗೆ ಶ್ರೇಣಿಯಂಕಗಳನ್ನು ಕೊಡುತ್ತಿತ್ತು. ಅದನ್ನು 9.5ರಿಂದ ಗುಣಿಸಿದರೆ ಬರುವುದು ಅಂದಾಜು ಶೇಕಡಾ ಮಾತ್ರ. ಪೂರ್ಣ ಹತ್ತು ಪಡೆದವನಿಗೂ ಆ ಲೆಕ್ಕದಲ್ಲಿ 95ನ್ನು ದಾಟಲಾಗದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಯೋಜನೆಯಲ್ಲಾದರೋ ಶ್ರೇಣಿಯಂಕದಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಹೀಗೆ 8 ಎಂಬ ಒಂದೇ ಸಂಖ್ಯೆ ಒಂದೆಡೆ 76, ಇನ್ನೊಂದೆಡೆ 72.5 ಆಗುತ್ತದೆ.

ಶೇಕಡಾ ಮಾಡುವುದು ತ್ರೈರಾಶಿಕದ ಒಂದು ಪ್ರಯೋಗವಷ್ಟೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ಗಣಿತದಲ್ಲಿ ದೋಷವಿಲ್ಲ. ಒಂದು ಸಂಖ್ಯೆಯೇ ಮಗುವಿನ ಸರ್ವಸ್ವವೆಂದು ತಿಳಿಯುವುದರಲ್ಲಿ ದೋಷವಿದೆ. ಅಂಕವು ಒಂದು ನಯ. ಉಳಿದ ನಯಗಳನ್ನು ಅದು ಅಲ್ಲಗಳೆದಾಗ ನಯಾಭಾಸವಾಗುತ್ತದೆ.

ಆದುದರಿಂದ ವಿದ್ಯಾರ್ಥಿವೇತನ ನೀಡುವ ಬಸದಿಗಳ ವಿಶ್ವಸ್ತ ಮಂಡಳಿಗಳು ನಾಲ್ಕು ಕ್ರಮಗಳನ್ನು ಅನುಸರಿಸುವುದು ಉಚಿತವೆಂದು ನನ್ನ ಭಾವನೆ. ಲೆಕ್ಕದ ವಿಧಾನವನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಬೇಕು. ಮೂಲ ಅಂಕಪಟ್ಟಿಯಿದ್ದಲ್ಲಿ ಗಳಿಸಿದ ಒಟ್ಟು ಅಂಕವನ್ನು ಗರಿಷ್ಠ ಅಂಕದಿಂದ ಭಾಗಿಸಿಯೇ ಶೇಕಡಾ ತೆಗೆಯಬೇಕು. ಶ್ರೇಣಿಯಂಕ ಮಾತ್ರವಿದ್ದಲ್ಲಿ ಆಯಾ ಸಂಸ್ಥೆಯ ಸೂತ್ರವನ್ನೇ ಬಳಸಬೇಕು. ಗಡಿಯಿಂದ ಅರ್ಧ ಅಂಕದಷ್ಟು ಹಿಂದುಳಿದವರನ್ನು ಕೈಬಿಡುವ ಮೊದಲು ಮನೆಯ ಸ್ಥಿತಿಗತಿಗಳನ್ನು ವಿಚಾರಿಸಬೇಕು. ಹೆಸರು ನೋಡಿದ ಮೇಲೆ ದಶಮಾಂಶವನ್ನು ಏರಿಸುವುದಾಗಲೀ ಇಳಿಸುವುದಾಗಲೀ ಕೂಡದು. ಅದು ನೇರವಾಗಿ ಮೇಲೆ ಹೇಳಿದ ಅತಿಚಾರವೇ ಸರಿ. ಸಮಾಜದ ಹಿರಿಯರು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಪರಾಮರ್ಶಿಸಬೇಕೆಂದು ವಿನಂತಿ.