ಸುದ್ದಿಯ ಬೆನ್ನಿಗೇ ಜಾಹೀರಾತು

ಮಾರ್ಕೆಟಿಂಗ್ ಪಾಠದಲ್ಲಿ ಜಾಹೀರಾತಿನ ಮಾತು ಬಂದಾಗಲೆಲ್ಲ ನನಗೆ ನೋಟು ರದ್ದತಿಯೇ ನೆನಪಾಗುತ್ತದೆ. 2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟು ಇನ್ನು ನಡೆಯುವುದಿಲ್ಲವೆಂದು ಪ್ರಧಾನಿ ಘೋಷಿಸಿದರು. ಮರುದಿನವೇ ಪತ್ರಿಕೆಗಳಲ್ಲಿ ಅವರ ಫೋಟೊದೊಂದಿಗೆ ಪೇಟಿಎಂನ ಪೂರ್ತಿ ಪುಟದ ಅಭಿನಂದನೆ! ಮೊಬೈಲ್‌ನಲ್ಲೇ ಹಣ ಕೊಡಿ ಎಂದು ಒಂದು ವಾರ ಮೊದಲು ಹೇಳಿದ್ದರೆ ಎಷ್ಟು ಜನ ಓದುತ್ತಿದ್ದರೋ. ಈಗ ಚಿಲ್ಲರೆಯಿಲ್ಲದೆ ಊರಿಗೆ ಊರೇ ಕಂಗಾಲಾಗಿತ್ತು. ನಮ್ಮ ಮನೆಯಲ್ಲಿ ಅಮ್ಮಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದ ನೋಟುಗಳನ್ನು ತೆಗೆದುಕೊಟ್ಟರು. ಅಬ್ಬಾ ಅಂಗಡಿ ಮುಚ್ಚಿ ಬ್ಯಾಂಕಿನ ಸಾಲಿನಲ್ಲಿ ನಿಂತರು.

ಕಂಪನಿಯ ಚುರುಕುತನವನ್ನು ಕಾಮರ್ಸ್ ವಿದ್ಯಾರ್ಥಿಯಾಗಿ ಮೆಚ್ಚುತ್ತೇನೆ. ಆದರೆ ಜನ ಸಾಲಿನಲ್ಲಿ ನಿಂತಿದ್ದಾಗ ‘ಅಭಿನಂದನೆ’ ಎಂದದ್ದು ನನಗೆ ಹಿಡಿಸುವುದಿಲ್ಲ. ಅನುಮತಿಯಿಲ್ಲದೆ ಫೋಟೊ ಬಳಸಿದ್ದಕ್ಕೆ ಕಂಪನಿ ಆಮೇಲೆ ಕ್ಷಮೆ ಕೇಳಿತು. ಅಷ್ಟರಲ್ಲಿ ಅದರ ಸ್ಟಿಕ್ಕರ್ ಅಬ್ಬಾನ ಗಲ್ಲಾಪೆಟ್ಟಿಗೆಗೂ ಅಂಟಿತ್ತು.